ಪಾದ ನೋಡುವವರ ಪರೀಕ್ಷೆಯಲ್ಲಿ ಕೈಯನ್ನೂ ನೋಡಿ

ರಾಷ್ಟ್ರೀಯ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಅಧ್ಯಕ್ಷರಿಗೆ, ಸದಸ್ಯರಿಗೆ ಮತ್ತು ಕರ್ನಾಟಕದ ರಾಜ್ಯ ಪರಿಷತ್ತಿನವರಿಗೆ,

ಮಾನ್ಯರೇ,

2021ರಲ್ಲಿ ಸಂಸತ್ತು ಪಾಸು ಮಾಡಿದ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯ ಕೊನೆಗೆ ಒಂದು ಉದ್ದನೆಯ ಪಟ್ಟಿ ಇದೆ. ಫಿಸಿಯೋಥೆರಪಿಸ್ಟ್, ಆಪ್ಟೊಮೆಟ್ರಿಸ್ಟ್, ಲ್ಯಾಬ್ ಮತ್ತು ಡಯಾಲಿಸಿಸ್ ಕೆಲಸದವರ ಜೊತೆಗೆ ಅದರಲ್ಲಿ ‘ಪೋಡಿಯಾಟ್ರಿಸ್ಟ್’ ಅಂತಲೂ ಒಂದು ಹೆಸರಿದೆ. ಅಂದರೆ ಪಾದದ ಆರೈಕೆಯನ್ನೇ ವೃತ್ತಿ ಮಾಡಿಕೊಂಡವರು. ಈ ವೃತ್ತಿಗಳಿಗೆಲ್ಲ ಎಕ್ಸಿಟ್ ಪರೀಕ್ಷೆ (ಓದು ಮುಗಿಸಿ ಹೊರಬರುವಾಗಿನ ಪರೀಕ್ಷೆ) ಅಥವಾ ಲೈಸೆನ್ಸ್ ಪರೀಕ್ಷೆ ಏರ್ಪಡಿಸುವ ಹೊಣೆಯನ್ನೂ ಅದೇ ಕಾಯ್ದೆ ಆಯೋಗಕ್ಕೆ ಕೊಟ್ಟಿದೆ. ಪೋಡಿಯಾಟ್ರಿಸ್ಟ್‌ಗಳಿಗೆ ಆ ಪರೀಕ್ಷೆ ಹೇಗಿರಬೇಕು ಅನ್ನುವುದರ ಬಗ್ಗೆ ಈ ಪತ್ರ.

ನಾನು ನರ್ಸ್. ಓದಿದ್ದು ದಾವಣಗೆರೆಯಲ್ಲಿ. ಮದುವೆಯಾದ ಮೇಲೆ ಕೆಲವು ವರ್ಷ ಅಮೆರಿಕದ ಫ್ಲೋರಿಡಾದಲ್ಲಿದ್ದೆ. ಅಲ್ಲಿ ಒಬ್ಬ ಪಾದದ ವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ಕೆಲಸ ಮಾಡಿದೆ. ಈಗ ಊರಿಗೆ ವಾಪಸ್ ಬಂದು, ಶುಗರ್ ಇರುವವರ ಕಾಲಿನ ಗಾಯಗಳಿಗೆ ಡ್ರೆಸಿಂಗ್ ಮಾಡುವ ಕೆಲಸದಲ್ಲಿದ್ದೇನೆ. ನನ್ನ ಕೋರಿಕೆ ದೊಡ್ಡದೇನಲ್ಲ. ಈ ಪರೀಕ್ಷೆಯನ್ನು ಕಂಪ್ಯೂಟರ್ ಮುಂದೆ ಕೂತು ಟಿಕ್ ಹಾಕಿ ಮುಗಿಸುವಂತೆ ಮಾಡಬೇಡಿ. ಪೋಡಿಯಾಟ್ರಿಸ್ಟ್ ಆದವರು ಏನು ಮಾಡಬಹುದು, ಎಲ್ಲಿಗೆ ಕೈ ನಿಲ್ಲಿಸಬೇಕು ಅನ್ನುವುದನ್ನು ಮೊದಲು ಬರೆದಿಡಿ. ಆಮೇಲೆ ಅವರ ಕೈಕೆಲಸವನ್ನು ಕಣ್ಣಾರೆ ನೋಡಿ. ಅದಾದ ಮೇಲೆ ಲೈಸೆನ್ಸ್ ಕೊಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಬೀದಿಯಲ್ಲೇ ಒಬ್ಬರಿದ್ದಾರೆ. ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು, ಬಹಳ ವರ್ಷದಿಂದ ಶುಗರ್. ಕಿರುಬೆರಳಿನ ಪಕ್ಕ ಒಂದು ಆಣಿ ಆಗಿತ್ತು. ‘ಪಾದ ತಜ್ಞರು’ ಅಂತ ಬೋರ್ಡು ನೋಡಿ ಒಂದು ಕಡೆ ಹೋದರು. ಅಲ್ಲಿದ್ದವರು ಆಣಿಯನ್ನು ಬ್ಲೇಡಿನಿಂದ ಕೆತ್ತಿ, ಔಷಧಿಯ ಪಟ್ಟಿ ಅಂಟಿಸಿ ಕಳಿಸಿದರು. ಪಾದದ ನಾಡಿ ಮುಟ್ಟಿ ನೋಡಲಿಲ್ಲ. ರಕ್ತ ಓಡಾಟ ಸರಿಯಿದೆಯಾ ಅಂತ ಕೇಳಲಿಲ್ಲ. ಆ ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಲೇ ಇರಲಿಲ್ಲ. ಕೆತ್ತಿದ ಜಾಗ ಮಾಯಲಿಲ್ಲ, ಪಟ್ಟಿಯಲ್ಲಿದ್ದ ಆ್ಯಸಿಡ್ ಚರ್ಮವನ್ನು ಇನ್ನಷ್ಟು ತಿಂದಿತು. ಬೆರಳು ಕಪ್ಪಾಯಿತು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಅವರಿಗೆ ನೋವೇ ಇರಲಿಲ್ಲ. ನರ ಸತ್ತಿದ್ದ ಕಾಲು ಅದು. ಹಾಗಾಗಿ ಮನೆಯವರಿಗೂ ತಡವಾಗಿ ಗೊತ್ತಾಯಿತು.

ಬೋರ್ಡು ಹಾಕಿದವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆ ಬೋರ್ಡು ಹಾಕಲು ಇಂಥದ್ದು ಓದಿರಬೇಕು, ಇಂಥ ಪರೀಕ್ಷೆ ಪಾಸಾಗಿರಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇವತ್ತು ನಮ್ಮಲ್ಲಿ ಈ ಕೆಲಸ ಮಾಡುವವರು ಎಲ್ಲ ತರಹದವರೂ ಇದ್ದಾರೆ. ಎಂಬಿಬಿಎಸ್, ಎಂಎಸ್ ಮುಗಿಸಿ ಪಾದದ ಮೇಲೆ ಫೆಲೋಶಿಪ್ ಮಾಡಿದ ನುರಿತ ಸರ್ಜನ್‌ಗಳಿದ್ದಾರೆ. ಫಿಸಿಯೋಥೆರಪಿಸ್ಟ್‌ಗಳು, ನರ್ಸ್‌ಗಳು, ಕೃತಕ ಕಾಲು ಮತ್ತು ಶೂ ತಯಾರಿಸುವವರು ಇದ್ದಾರೆ. ಬರೀ ಚಿಕ್ಕದೊಂದು ಸರ್ಟಿಫಿಕೇಟ್ ಹಿಡಿದು ಕೂತವರೂ ಇದ್ದಾರೆ. ರೋಗಿಗೆ ಇವರಲ್ಲಿ ಯಾರು ಯಾರು ಅಂತ ಗೊತ್ತಾಗುವುದು ಹೇಗೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಲೆಕ್ಕ ಕೊಟ್ಟಿತು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವವರಲ್ಲಿ 100ಕ್ಕೆ ಸುಮಾರು 85 ಜನರಿಗೆ ಮೊದಲು ಆಗುವುದು ಒಂದು ಹುಣ್ಣು. ಶುರುವಿನಲ್ಲಿ ಅದನ್ನು ವಾಸಿ ಮಾಡಬಹುದು. ಚಪ್ಪಲಿ ಬದಲಿಸಿ, ಭಾರ ತಪ್ಪಿಸಿ, ಸತ್ತ ಚರ್ಮ ತೆಗೆದು, ದಿನ ಬಿಟ್ಟು ದಿನ ನೋಡುವವರು ಒಬ್ಬರು ಸಿಕ್ಕರೆ ಕಾಲು ಉಳಿಯುತ್ತದೆ. ಆ ಒಬ್ಬರು ಪಿಎಚ್‌ಸಿಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ಇರಬೇಕು. ಈಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುತ್ತಿದ್ದಾರೆ. ಕಾಯಿಲೆ ಪತ್ತೆಯಾಗುತ್ತದೆ, ಒಳ್ಳೆಯದೇ. ಆದರೆ ಪತ್ತೆಯಾದವರ ಕಾಲನ್ನು ಆಮೇಲೆ ಯಾರು ನೋಡಬೇಕು? ಪೋಡಿಯಾಟ್ರಿಸ್ಟ್ ಬೇಕಾಗಿರುವುದು ಇಲ್ಲಿಗೇ.

ಇನ್ನು ಅಮೆರಿಕದ ವಿಷಯ. ಅಲ್ಲಿ ಇವರನ್ನು ‘ಪೋಡಿಯಾಟ್ರಿಕ್ ಫಿಜಿಷಿಯನ್’ ಅನ್ನುತ್ತಾರೆ, ಮತ್ತು ಅವರು ನಿಜಕ್ಕೂ ವೈದ್ಯರೇ. ಡಿಗ್ರಿ ಆದ ಮೇಲೆ ನಾಲ್ಕು ವರ್ಷ ಪೋಡಿಯಾಟ್ರಿ ಕಾಲೇಜು. ಆಮೇಲೆ ಮೂರು ವರ್ಷ ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಅಂದರೆ ಕೆಲಸ ಮಾಡುತ್ತಲೇ ತರಬೇತಿ. ಮೂಳೆಯ ಆಪರೇಷನ್ ಮಾಡುತ್ತಾರೆ, ಔಷಧಿ ಬರೆಯುತ್ತಾರೆ. ಲೈಸೆನ್ಸ್ ಪರೀಕ್ಷೆಗೆ ಮೂರು ಭಾಗ. ಮೊದಲನೆಯದು ಎರಡು ವರ್ಷ ಓದಿದ ಮೇಲೆ: ಅಂಗರಚನೆ, ಶರೀರಕ್ರಿಯೆ, ಔಷಧಿ ಇತ್ಯಾದಿ. ಅದರಲ್ಲಿ ಕಾಲಿನ ಅಂಗರಚನೆಗೇ ದೊಡ್ಡ ಪಾಲು. ಎರಡನೆಯದು ಕಾಲೇಜಿನ ಕೊನೆಯ ವರ್ಷ. ಮೂರನೆಯದು ರೆಸಿಡೆನ್ಸಿ ನಡೆಯುತ್ತಿರುವಾಗ. ಪರೀಕ್ಷೆ ನಡೆಸುವುದು ಒಂದು ರಾಷ್ಟ್ರೀಯ ಮಂಡಳಿ. ಲೈಸೆನ್ಸ್ ಕೊಡುವುದು ಮಾತ್ರ ಆಯಾ ರಾಜ್ಯ. ನಮ್ಮ ಎಂಬಿಬಿಎಸ್ ಇದ್ದವರು ಅಲ್ಲಿಗೆ ಹೋಗಿ ನೇರವಾಗಿ ಈ ಪರೀಕ್ಷೆಗೆ ಕೂರಲು ಆಗಲ್ಲ. ಅಲ್ಲಿನ ಮಾನ್ಯತೆ ಪಡೆದ ಪೋಡಿಯಾಟ್ರಿ ಕಾಲೇಜಿನಲ್ಲೇ ಓದಿರಬೇಕು. ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರು ಮಕ್ಕಳ ಓದಿನ ಬಗ್ಗೆ ಮಾತಾಡುವಾಗ ಇದನ್ನು ಆಗಾಗ ಕೇಳುತ್ತಿದ್ದರು, ಅದಕ್ಕೆ ಹೇಳಿದೆ.

ನಮ್ಮ ಕಾಯ್ದೆಯಲ್ಲಿರುವ ಪೋಡಿಯಾಟ್ರಿಸ್ಟ್ ಈ ತರಹದ ವೈದ್ಯರಲ್ಲ. ನಮ್ಮ ಕಾಯ್ದೆಯ ಪ್ರಕಾರ ಹೆಲ್ತ್‌ಕೇರ್ ವೃತ್ತಿಯವರು ಅಂದರೆ ಮೂರರಿಂದ ಆರು ವರ್ಷದೊಳಗೆ, ಕನಿಷ್ಠ 3,600 ಗಂಟೆ ಓದಿ ಪದವಿ ಪಡೆದವರು. ಅದಕ್ಕೇ ಅಮೆರಿಕದ ಪ್ರಶ್ನೆಪತ್ರಿಕೆಯನ್ನು ಇಲ್ಲಿಗೆ ತಂದು ಇಳಿಸಿದರೆ ಉಪಯೋಗವಿಲ್ಲ. ನಾವು ಅವರಿಂದ ಕಲಿಯಬೇಕಾದದ್ದು ಬೇರೆ ಇದೆ. ಅವರು ಎಲ್ಲೆಲ್ಲಿ ಎಡವಿದರು, ಎಲ್ಲಿ ಗಟ್ಟಿಯಾಗಿ ನಿಂತರು ಅನ್ನುವುದು.

ಗಟ್ಟಿಯಾಗಿ ನಿಂತದ್ದಕ್ಕೆ ಫ್ಲೋರಿಡಾದ ಕಾನೂನನ್ನೇ ನೋಡಿ. ಪಾದದ ವೈದ್ಯರು ಎಲ್ಲಿಯವರೆಗೆ ಆಪರೇಷನ್ ಮಾಡಬಹುದು ಅಂತ ಅಲ್ಲಿ ಮೂಳೆಯ ಹೆಸರು ಹಿಡಿದು ಬರೆದಿದ್ದಾರೆ. ಮೊಣಕಾಲಿನ ಚಿಪ್ಪಿನ ಕೆಳಗೆ, ಮುಂಗಾಲಿನ ಮೂಳೆಯ ಮೇಲೆ ಕೈಯಿಟ್ಟರೆ ಒಂದು ಉಬ್ಬು ಸಿಗುತ್ತದೆ ಅಲ್ವಾ, ಅದರ ಕೆಳಗೆ ಮಾತ್ರ. ಬೆರಳು ತೆಗೆಯಬಹುದು, ಪಾದದ ಒಂದು ಭಾಗ ತೆಗೆಯಬಹುದು. ಇಡೀ ಪಾದವನ್ನಾಗಲಿ ಕಾಲನ್ನಾಗಲಿ ತೆಗೆಯುವ ಹಾಗಿಲ್ಲ. ನಾನಿದ್ದ ಕ್ಲಿನಿಕ್ಕಿನಲ್ಲಿ ಇದರ ಬಗ್ಗೆ ಯಾರಿಗೂ ಗೊಂದಲ ಇರಲಿಲ್ಲ. ಗೆರೆ ದಾಟುವ ಕೇಸು ಬಂದರೆ ಅವತ್ತೇ ಫೋನ್ ಮಾಡಿ ವ್ಯಾಸ್ಕುಲರ್ ಸರ್ಜನ್, ಅಂದರೆ ರಕ್ತನಾಳದ ಸರ್ಜನ್ ಹತ್ತಿರ ಕಳಿಸುತ್ತಿದ್ದರು.

ಎಡವಿದ್ದಕ್ಕೆ ಟೆಕ್ಸಾಸ್ ಇದೆ. ‘ಪಾದ’ ಅಂದರೆ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದನ್ನು ಕಾನೂನು ಸ್ಪಷ್ಟ ಮಾಡಿರಲಿಲ್ಲ. 2001ರಲ್ಲಿ ಅಲ್ಲಿನ ಪೋಡಿಯಾಟ್ರಿ ಮಂಡಳಿ ತಾನೇ ಒಂದು ನಿಯಮ ಮಾಡಿ, ಆಂಕಲ್ ಅಂದರೆ ಪಾದದ ಕೀಲನ್ನೂ ಅದರೊಳಗೆ ಸೇರಿಸಿತು. ಮೂಳೆ ಡಾಕ್ಟರುಗಳ ಸಂಘ ಕೋರ್ಟಿಗೆ ಹೋಯಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮ ನಿಲ್ಲುವುದಿಲ್ಲ ಅಂದಿತು. ಅಷ್ಟು ವರ್ಷ ಅಲ್ಲಿ ಓದಿದ ಹುಡುಗ ಹುಡುಗಿಯರಿಗೆ ತಾವು ಪಾಸಾದ ಪರೀಕ್ಷೆಯಲ್ಲಿ ಕೇಳಿದ್ದನ್ನು ಕೆಲಸದಲ್ಲಿ ಮಾಡಬಹುದೋ ಇಲ್ಲವೋ ಅನ್ನುವುದೇ ತಿಳಿಯದ ಸ್ಥಿತಿ. ನ್ಯೂಯಾರ್ಕಿನಲ್ಲೂ 2014ರವರೆಗೆ ಪಾದ ಮಾತ್ರ. ಆಮೇಲೆ ಆಂಕಲ್ ಸೇರಿತು. ಆದರೆ ಆಂಕಲ್‌ನ ಆಪರೇಷನ್ ಮಾಡಬೇಕಾದರೆ ಎಷ್ಟು ತರಬೇತಿ ಬೇಕು ಅಂತ ಕಾನೂನಿನಲ್ಲೇ ಬರೆದು, ಅದಕ್ಕೆ ಬೇರೆಯಾಗಿ ಅನುಮತಿ ಕೊಡುವ ಪದ್ಧತಿ ಮಾಡಿದರು. ಅದು ಸರಿಯಾದ ದಾರಿ. ಪರೀಕ್ಷೆ ಬರೆಸಿ ಆಮೇಲೆ ಗೆರೆ ಹುಡುಕುವುದರ ಬದಲು ಗೆರೆ ಎಳೆದು ಅದಕ್ಕೆ ತಕ್ಕ ಪರೀಕ್ಷೆ ಮಾಡಿದರು.

ಹಾಗಾಗಿ ನಿಮ್ಮ ನಿಯಮದ ಮೊದಲ ಪುಟದಲ್ಲೇ ಗೆರೆ ಇರಲಿ. ಉಗುರು, ಆಣಿ, ಗಟ್ಟಿ ಚರ್ಮ, ಮೇಲ್ಪದರದ ಹುಣ್ಣಿನ ಡ್ರೆಸಿಂಗ್, ಭಾರ ತಪ್ಪಿಸುವ ಕಾಸ್ಟ್ (ಪ್ಲಾಸ್ಟರ್ ಕಟ್ಟು), ಚಪ್ಪಲಿ ಮತ್ತು ಇನ್‌ಸೋಲ್, ವರ್ಷಕ್ಕೊಮ್ಮೆ ಪಾದ ತಪಾಸಣೆ, ರೋಗಿಗೆ ತಿಳುವಳಿಕೆ — ಇಷ್ಟು ಪೋಡಿಯಾಟ್ರಿಸ್ಟ್ ಕೆಲಸ ಅಂತ ನನಗನಿಸುತ್ತದೆ. ಮೂಳೆ ಮುಟ್ಟುವುದು, ಬೆರಳು ತೆಗೆಯುವುದು, ಕೀವು ಒಳಗಿಳಿದ ಗಾಯ ತೆರೆಯುವುದು ಸರ್ಜನ್ನರ ಕೆಲಸ. ಇದು ನನ್ನ ಅನುಭವದ ಮಾತು. ತಜ್ಞರು ಕೂತು ಒಂದಿಷ್ಟು ಆಚೆ ಈಚೆ ಮಾಡಲಿ. ಏನೇ ಮಾಡಿದರೂ ‘ಮುಂತಾದವು’ ಅಂತ ಮುಗಿಸಬೇಡಿ. ಆ ಒಂದು ಪದದ ಮರೆಯಲ್ಲಿ ಯಾರು ಏನು ಬೇಕಾದರೂ ಮಾಡಬಹುದು.

ಈಗ ಕೈಯ ವಿಷಯಕ್ಕೆ ಬರುತ್ತೇನೆ. ಬೈಕ್ ಓಡಿಸುವ ಲೈಸೆನ್ಸಿಗೂ ಆರ್‌ಟಿಒದಲ್ಲಿ ಎಂಟು ಹಾಕಿಸಿ ನೋಡುತ್ತಾರೆ. ಸ್ಪರ್ಶವಿಲ್ಲದ ಕಾಲಿನ ಮೇಲೆ ಬ್ಲೇಡು ಹಿಡಿಯುವವರನ್ನು ಹಾಗೆ ನೋಡಬೇಡವೇ?

ಒಂದು ಸಣ್ಣ ತಪಾಸಣೆಯನ್ನೇ ತೆಗೆದುಕೊಳ್ಳಿ. ಮಾನೊಫಿಲಮೆಂಟ್ ಅಂತ ಒಂದು ನೈಲಾನ್ ಎಳೆ ಇರುತ್ತದೆ. ಚರ್ಮಕ್ಕೆ ಒತ್ತಿದರೆ 10 ಗ್ರಾಂ ಭಾರಕ್ಕೆ ಸರಿಯಾಗಿ ಬಾಗುತ್ತದೆ. ಕಾಲಿನಲ್ಲಿ ಸ್ಪರ್ಶ ಉಳಿದಿದೆಯಾ ಅಂತ ತಿಳಿಯಲು ಇದೇ ಮುಖ್ಯ ಸಾಧನ. ‘ಮಾನೊಫಿಲಮೆಂಟ್ ಎಷ್ಟು ಗ್ರಾಮಿನದು?’ ಅಂತ ಪ್ರಶ್ನೆ ಕೇಳಿ ನಾಲ್ಕು ಆಯ್ಕೆ ಕೊಟ್ಟರೆ ಎಲ್ಲರೂ ಬರೆಯುತ್ತಾರೆ. ಮಾಡಿಸಿ ನೋಡಿ, ಆಗ ಗೊತ್ತಾಗುತ್ತದೆ. ಮೊದಲು ರೋಗಿಯ ಕೈ ಮೇಲೆ ಮುಟ್ಟಿಸಿ ‘ಹೀಗಿರುತ್ತೆ’ ಅಂತ ತೋರಿಸಬೇಕು. ಆಮೇಲೆ ಕಣ್ಣು ಮುಚ್ಚಿಸಬೇಕು. ಹೆಬ್ಬೆರಳಿನ ಕೆಳಭಾಗ, ಹೆಬ್ಬೆರಳಿನ ಬುಡದ ಉಬ್ಬು, ಕಿರುಬೆರಳಿನ ಬುಡದ ಉಬ್ಬು, ಈ ಜಾಗಗಳಲ್ಲಿ ಎಳೆ ಬಾಗುವವರೆಗೆ ನೇರವಾಗಿ ಒತ್ತಿ ತೆಗೆಯಬೇಕು. ಗಟ್ಟಿ ಚರ್ಮದ ಮೇಲೆ ಒತ್ತಬಾರದು, ಅಲ್ಲಿ ಯಾರಿಗೂ ಗೊತ್ತಾಗಲ್ಲ. ಜಾರಿಸಿ ಎಳೆಯಬಾರದು. ಪ್ರತಿ ಜಾಗದಲ್ಲಿ ನಡುವೆ ಒಮ್ಮೆ ಮುಟ್ಟದೆಯೇ ‘ಈಗ ಗೊತ್ತಾಯ್ತಾ?’ ಅಂತ ಕೇಳಬೇಕು. ಇಲ್ಲದಿದ್ದರೆ ನಮ್ಮ ಹಿರಿಯರು ನರ್ಸಮ್ಮನಿಗೆ ಬೇಜಾರಾಗಬಾರದು ಅಂತ ಎಲ್ಲದಕ್ಕೂ ‘ಹೂಂ ಹೂಂ’ ಅನ್ನುತ್ತಾರೆ! ಎಳೆಯೂ ದಣಿಯುತ್ತದೆ. ಹತ್ತು ಹದಿನೈದು ಜನರಿಗೆ ಬಳಸಿದ ಮೇಲೆ ಒಂದು ದಿನ ಹಾಗೇ ಬಿಡಬೇಕು. ಕ್ಯಾಂಪುಗಳಲ್ಲಿ ಒಂದೇ ಎಳೆಯಲ್ಲಿ ನೂರಾರು ಜನರನ್ನು ನೋಡಿ ‘ಎಲ್ಲರಿಗೂ ಸ್ಪರ್ಶ ಚೆನ್ನಾಗಿದೆ’ ಅಂತ ಬರೆದರೆ ಆ ಕಾಗದಕ್ಕೆ ಬೆಲೆ ಇಲ್ಲ.

ಈ ಎಳೆಯ ಹಿಂದೆ ನಮ್ಮ ನೆಲದ ಕಥೆಯೂ ಇದೆ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಡಾಕ್ಟರ್ ಪಾಲ್ ಬ್ರಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ನೋಡುತ್ತಿದ್ದವರು. ಬೆರಳುಗಳು ತಾವಾಗಿಯೇ ಕೊಳೆತು ಬೀಳುವುದಿಲ್ಲ, ನೋವು ಗೊತ್ತಾಗದ ಕಾಲಿಗೆ ಮತ್ತೆ ಮತ್ತೆ ಪೆಟ್ಟಾಗಿ ಹೀಗಾಗುತ್ತದೆ ಅಂತ ಅವರು ತೋರಿಸಿಕೊಟ್ಟರು. ಮರಗಟ್ಟಿದ ಕಾಲಿಗಾಗಿ ಎಂಸಿಆರ್ (ಮೈಕ್ರೋಸೆಲ್ಯುಲರ್) ರಬ್ಬರಿನ ಮೆತ್ತನೆಯ ಚಪ್ಪಲಿ ಬಂದದ್ದು ಆ ಕೆಲಸದಿಂದಲೇ. 1960ರ ದಶಕದಲ್ಲಿ ಅವರು ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಸಕ್ಕರೆ ಕಾಯಿಲೆಯವರ ಕಾಲಿಗೂ ಆಗುತ್ತಿರುವುದು ಇದೇ ಅಂತ ಅಲ್ಲಿ ಸ್ಪಷ್ಟವಾಯಿತು. ಹುಣ್ಣಿನ ಮೇಲೆ ಭಾರ ಬೀಳದಂತೆ ಹಾಕುವ ಕಾಸ್ಟ್ ಅಲ್ಲಿ ಬಳಕೆಗೆ ಬಂತು. 10 ಗ್ರಾಂ ಎಳೆಯ ಅಳತೆ ಗಟ್ಟಿಯಾದದ್ದೂ ಕಾರ್ವಿಲ್‌ನಲ್ಲಿ. ಇಲ್ಲಿ ಬಡವರ ಕಾಲು ನೋಡಿ ಕಲಿತದ್ದು ಅಲ್ಲಿನ ಪಾದದ ವೈದ್ಯರ ಪಾಠವಾಯಿತು. ನಮ್ಮಲ್ಲಿ ಅದಕ್ಕೊಂದು ಸರಿಯಾದ ಪರೀಕ್ಷೆ ಇನ್ನೂ ಆಗಿಲ್ಲ ಅಂದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕೈ ಪರೀಕ್ಷೆಯಲ್ಲಿ ಇನ್ನೇನು ನೋಡಬೇಕು? ನಾಡಿ. ಪಾದದ ಮೇಲೆ ಒಂದು, ಒಳಗಡೆಯ ಹರಡಿನ ಹಿಂದೆ ಒಂದು. ಎರಡನ್ನೂ ಹುಡುಕಿ ತೋರಿಸಬೇಕು. ಸಿಗದಿದ್ದರೆ ‘ಸಿಗಲಿಲ್ಲ’ ಅಂತ ಧೈರ್ಯವಾಗಿ ಹೇಳಬೇಕು. ಹಾಗೆ ಹೇಳಿದ್ದಕ್ಕೆ ಅಂಕ ಕೊಡಿ. ಗಟ್ಟಿ ಚರ್ಮ ತೆಗೆಯುವುದನ್ನು ನೋಡಬೇಕು, ಬ್ಲೇಡು ಎಷ್ಟು ಓರೆಯಾಗಿ ಹಿಡಿದಿದ್ದಾರೆ, ಎಲ್ಲಿ ನಿಲ್ಲಿಸಿದರು ಅಂತ. ಅಂಗಾಲಿನ ಗಟ್ಟಿ ಚರ್ಮದ ಕೆಳಗೆ ಎಷ್ಟೋ ಸಲ ಹುಣ್ಣು ಅಡಗಿರುತ್ತದೆ. ಮೇಲೆ ಹಳದಿ ಚರ್ಮ, ನಡುವೆ ಕಡು ಕಂದು ಬಣ್ಣದ ಒಂದು ಚುಕ್ಕೆ. ಆ ಚುಕ್ಕೆ ಒಣಗಿದ ರಕ್ತ. ಗೊತ್ತಿದ್ದವರು ಅದನ್ನು ಕಂಡ ಕೂಡಲೇ ನಿಧಾನ ಮಾಡುತ್ತಾರೆ. ಆಳದ ಗಾಯದಲ್ಲಿ ಲೋಹದ ಮೊಂಡು ಕಡ್ಡಿ ಇಳಿಸಿದಾಗ ಒರಟಾಗಿ, ಗಟ್ಟಿಯಾಗಿ ತಗುಲಿದರೆ ಮೂಳೆಗೆ ಸೋಂಕು ಮುಟ್ಟಿರಬಹುದು. ಅಂಥವರನ್ನು ಅವತ್ತೇ ಮುಂದಕ್ಕೆ ಕಳಿಸಬೇಕು.

ಇನ್ನೊಂದು ಚಾರ್ಕಾಟ್ ಪಾದ. ಪಾದ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿ. ರೋಗಿ ಮಾತ್ರ ನಡೆದುಕೊಂಡೇ ಬರುತ್ತಾರೆ, ಅಷ್ಟೇನೂ ನೋವಿಲ್ಲ ಅನ್ನುತ್ತಾರೆ. ಉಳುಕಿದೆ ಅಂತ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡವರನ್ನು ನಾನು ನೋಡಿದ್ದೇನೆ. ಒಳಗೆ ಮೂಳೆಗಳು ಮುರಿದು ಜಾರುತ್ತಿರುತ್ತವೆ. ಓಡಾಡಿದಷ್ಟೂ ಪಾದದ ಆಕಾರವೇ ಕೆಡುತ್ತದೆ. ಇದನ್ನು ಗುರುತಿಸದೆ ಮನೆಗೆ ಕಳಿಸಿದ ಅಭ್ಯರ್ಥಿ ಬೇರೆ ಎಲ್ಲದರಲ್ಲಿ ನೂರಕ್ಕೆ ನೂರು ತೆಗೆದರೂ ಫೇಲ್ ಆಗಬೇಕು. ನಾಡಿ ನೋಡದೆ ಬ್ಲೇಡು ಎತ್ತಿಕೊಂಡವರಿಗೂ ಅದೇ ನಿಯಮ ಇರಲಿ. ಒಟ್ಟು ಅಂಕದಲ್ಲಿ ಇಂಥ ತಪ್ಪು ಮುಚ್ಚಿಹೋಗಬಾರದು. ಇದೊಂದು ಸಾಲು ನಿಯಮದಲ್ಲಿದ್ದರೆ ನಮ್ಮ ಕಂಡಕ್ಟರ್ ಅಣ್ಣನಂಥವರು ಎಷ್ಟೋ ಜನ ಉಳಿಯುತ್ತಾರೆ.

ಕೇಸುಗಳನ್ನು ನಮ್ಮ ಊರುಗಳಿಂದಲೇ ತೆಗೆದುಕೊಳ್ಳಿ. ಗದ್ದೆಯ ನೀರಿನಲ್ಲಿ ದಿನವಿಡೀ ನಿಂತು ಬೆರಳ ಸಂದು ಕೊಳೆತ ಹೆಂಗಸು. ಬರಿಗಾಲಲ್ಲಿ ಪಾದಯಾತ್ರೆ ಹೋಗಿ ಬಂದು ಗುಳ್ಳೆ ಎದ್ದವರು. ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಂಡು, ರಾತ್ರಿ ಮನೆಗೆ ಬಂದು ಕಾಲು ತೊಳೆಯುವಾಗ ನೋಡಿದವರು. ಚಳಿಗೆ ಒಲೆಯ ಹತ್ತಿರ ಕಾಲು ಚಾಚಿ ಮಲಗಿದ ಅಜ್ಜ. ಮಲಗಿದ್ದಾಗ ಇಲಿ ಕಚ್ಚಿದ್ದೂ ಗೊತ್ತಾಗದವರು. ಮತ್ತೆ ಕಾಲುಂಗುರ. ಬೆರಳು ಊದಿಕೊಂಡು ಉಂಗುರ ಒಳಗೆ ಹೂತುಹೋಗಿರುತ್ತದೆ. ತೆಗೆಯೋಣ ಅಂದರೆ ‘ಗಂಡ ಇರುವಾಗ ಹೇಗಮ್ಮಾ ತೆಗೀಲಿ’ ಅನ್ನುತ್ತಾರೆ. ಅವರನ್ನು ಬೈಯದೆ, ಹೆದರಿಸದೆ, ಮನೆಯ ಹಿರಿಯರ ಜೊತೆ ಮಾತಾಡಿ, ಬೇರೆ ಬೆರಳಿಗೆ ಸಡಿಲವಾದದ್ದು ಹಾಕಿಸಿ ಒಪ್ಪಿಸಬೇಕು. ಇದೂ ಪೋಡಿಯಾಟ್ರಿಸ್ಟ್ ಕೆಲಸವೇ. ಇದನ್ನೂ ಪರೀಕ್ಷೆಯಲ್ಲಿ ನೋಡಬೇಕು. ಅಮೆರಿಕದ ಯಾವ ಪ್ರಶ್ನೆಪತ್ರಿಕೆಯಲ್ಲೂ ಕಾಲುಂಗುರ ಸಿಗುವುದಿಲ್ಲ.

ಅದಕ್ಕೇ ಮಾತಾಡುವ ಭಾಗ ಕರ್ನಾಟಕದಲ್ಲಿ ಕನ್ನಡದಲ್ಲೇ ನಡೆಯಲಿ. ಬರೆಯುವ ಭಾಗ ಇಂಗ್ಲಿಷಿನಲ್ಲಿದ್ದರೆ ಇರಲಿ. ಆದರೆ ಇಲ್ಲಿ ಕೆಲಸ ಮಾಡುವವರಿಗೆ ‘ಕಾಲು ಜೋಮು ಹಿಡಿಯುತ್ತಾ, ಉರಿ ಇದೆಯಾ, ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಾ, ನಿಂತರೆ ಬಿಡುತ್ತಾ’ ಅಂತ ಕೇಳಲು ಬರಬೇಕು. ಕೊನೆಯ ಎರಡು ಪ್ರಶ್ನೆಗೆ ‘ಹೌದು’ ಅಂತ ಉತ್ತರ ಬಂದರೆ ರಕ್ತನಾಳ ಕಟ್ಟಿಕೊಂಡಿರಬಹುದು ಅಂತ ಅನುಮಾನ ಬರಬೇಕು. ಕೇಳಲು ಬರದಿದ್ದರೆ ಆ ಅನುಮಾನವೇ ಹುಟ್ಟುವುದಿಲ್ಲ.

ಕೈ ಪರೀಕ್ಷೆ ನಡೆಸುವುದು ಕಷ್ಟ, ದುಡ್ಡು ಜಾಸ್ತಿ, ಪಕ್ಷಪಾತ ಆಗಬಹುದು ಅಂತ ನೀವು ಹೇಳಬಹುದು. ಮೂರೂ ನಿಜ. ಅಮೆರಿಕದಲ್ಲಿ ಎಂಡಿ (ನಮ್ಮ ಎಂಬಿಬಿಎಸ್ ಇದ್ದ ಹಾಗೆ) ವಿದ್ಯಾರ್ಥಿಗಳಿಗೆ ರೋಗಿಯ ಪಾತ್ರ ಮಾಡುವವರನ್ನು ಇಟ್ಟು ನಡೆಸುತ್ತಿದ್ದ ಇಂಥ ಪರೀಕ್ಷೆಯೊಂದಿತ್ತು. ಇಡೀ ದೇಶಕ್ಕೆ ಐದೇ ಊರುಗಳಲ್ಲಿ ಕೇಂದ್ರ. ಫೀಸು ಸುಮಾರು 1,300 ಡಾಲರ್, ಓಡಾಟದ ಖರ್ಚು ಬೇರೆ. ವಿದ್ಯಾರ್ಥಿಗಳು ಬಹಳ ವರ್ಷ ವಿರೋಧಿಸಿದರು. ಕೋವಿಡ್ ಬಂದಾಗ ನಿಂತದ್ದು ಮತ್ತೆ ಶುರುವಾಗಲಿಲ್ಲ. 2021ರ ಜನವರಿಯಲ್ಲಿ ಅದನ್ನು ಕೈಬಿಟ್ಟರು. ಪಾದದ ವೈದ್ಯ ವಿದ್ಯಾರ್ಥಿಗಳಿಗೂ ಇಂಥದ್ದೊಂದು ತಂದಿದ್ದರು. ಅದಕ್ಕೆ ಫಿಲಡೆಲ್ಫಿಯಾ ಹತ್ತಿರದ ಕೇಂದ್ರಕ್ಕೇ ಹೋಗಬೇಕಿತ್ತು. ನನ್ನ ಪ್ರಕಾರ ಅಲ್ಲಿ ಸೋತದ್ದು ದೂರ ಮತ್ತು ದುಬಾರಿ ಫೀಸು. ಕೈ ನೋಡಬೇಕು ಅನ್ನುವ ಉದ್ದೇಶದಲ್ಲಿ ತಪ್ಪಿರಲಿಲ್ಲ.

ನಮಗೆ ಅಂಥ ದುಬಾರಿ ಕಟ್ಟಡ ಬೇಕಿಲ್ಲ. ಜಿಲ್ಲಾಸ್ಪತ್ರೆಗಳಿವೆ. ಬೆಂಗಳೂರು ಒಂದರಲ್ಲೇ ಮಾಡಬೇಡಿ. ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ, ಮಂಗಳೂರು, ಮೈಸೂರುಗಳಲ್ಲಿ ಮಾಡಿ. ಬೀದರ್‌ನ ಹುಡುಗಿ ರಾತ್ರಿಯೆಲ್ಲಾ ಬಸ್ಸಿನಲ್ಲಿ ಕೂತು ಬಂದು, ನಿದ್ದೆಗೆಟ್ಟ ಕೈಯಲ್ಲಿ ಬ್ಲೇಡು ಹಿಡಿಯುವ ಹಾಗಾಗಬಾರದು. ಬೇರೆ ಜಿಲ್ಲೆಯ ಪರೀಕ್ಷಕರು ಬರಲಿ, ಇಬ್ಬರು ಪರೀಕ್ಷಕರು ಬೇರೆ ಬೇರೆ ಅಂಕ ಕೊಡಲಿ, ಪ್ರತಿ ಹೆಜ್ಜೆಗೂ ಚೆಕ್‌ಲಿಸ್ಟ್ ಇರಲಿ. ಪಕ್ಷಪಾತ ಪೂರ್ತಿ ಹೋಗದಿದ್ದರೂ ಬಹಳ ಕಡಿಮೆಯಾಗುತ್ತದೆ. ಫೇಲಾದವರಿಗೆ ಯಾವ ಹೆಜ್ಜೆಯಲ್ಲಿ ತಪ್ಪಿದರು ಅಂತ ಕಾಗದದಲ್ಲಿ ಬರೆದು ಕೊಡಿ. ಆ ಭಾಗವನ್ನಷ್ಟೇ ಮತ್ತೆ ಬರೆಯಲು ಬಿಡಿ. ಎಷ್ಟು ಸಲ ಬರೆಯಬಹುದು, ನಡುವೆ ಎಷ್ಟು ತಿಂಗಳು ಇರಬೇಕು ಅನ್ನುವುದನ್ನು ಮೊದಲೇ ಹೇಳಿ, ನಡುವೆ ಬದಲಾಯಿಸಬೇಡಿ.

ಬ್ರಿಟನ್‌ನಲ್ಲಿ ಇಂಥ ರಾಷ್ಟ್ರೀಯ ಪರೀಕ್ಷೆಯೇ ಇಲ್ಲ ಅಂತ ಕೆಲವರು ವಾದಿಸುತ್ತಾರೆ. ಹೌದು, ಅಲ್ಲಿ ಮಾನ್ಯತೆ ಪಡೆದ ಡಿಗ್ರಿ ಮುಗಿಸಿದರೆ ನೋಂದಣಿ ಆಗುತ್ತದೆ. ಆದರೆ ಅಲ್ಲಿ ಪ್ರತಿ ಕೋರ್ಸಿನೊಳಗೇ ರೋಗಿಗಳ ಮೇಲಿನ ಅಭ್ಯಾಸವನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ. ನೋಂದಣಿ ಇಲ್ಲದವರು ‘ಪೋಡಿಯಾಟ್ರಿಸ್ಟ್’ ಅಂತ ಹೇಳಿಕೊಂಡರೆ ಅದು ಅಪರಾಧ. ನಮ್ಮಲ್ಲಿ ಒಂದು ಕಾಲೇಜಿಗೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನರ್ಸಿಂಗ್ ಓದಿದ ನಮಗೆಲ್ಲ ಗೊತ್ತು. ನಮಗೆ ಪರೀಕ್ಷೆ ಬೇಕೇ ಬೇಕು.

ಈಗಾಗಲೇ ಈ ಕೆಲಸ ಮಾಡುತ್ತಿರುವವರ ಬಗ್ಗೆ ಒಂದು ಮಾತು. ಅವರನ್ನು ರಾತ್ರೋರಾತ್ರಿ ಹೊರಗೆ ಹಾಕಬೇಡಿ. ಅವರಲ್ಲಿ ಎಷ್ಟೋ ಜನರ ಕೈ ಪಳಗಿದೆ. ಕುಷ್ಠರೋಗ ಆಸ್ಪತ್ರೆಗಳಲ್ಲಿ ಚಪ್ಪಲಿ ಹೊಲಿಯುತ್ತಾ, ಹುಣ್ಣು ತೊಳೆಯುತ್ತಾ ಕಲಿತವರಿದ್ದಾರೆ. ಅವರಿಗೆ ಸಮಯ ಕೊಡಿ, ಬ್ರಿಡ್ಜ್ ಕೋರ್ಸ್ ಕೊಡಿ, ಬೇಕಾದರೆ ಬರೆಯುವ ಭಾಗದಲ್ಲಿ ರಿಯಾಯಿತಿ ಕೊಡಿ. ಕೈ ಪರೀಕ್ಷೆಯಲ್ಲಿ ಮಾತ್ರ ಯಾರಿಗೂ ವಿನಾಯಿತಿ ಬೇಡ. ಪಳಗಿದ ಕೈಗೆ ಆ ಪರೀಕ್ಷೆಯಿಂದ ಏನೂ ತೊಂದರೆ ಇಲ್ಲ.

ಪಾಸಾದವರ ಹೆಸರು, ನೋಂದಣಿ ಸಂಖ್ಯೆ ಮತ್ತು ಅವರು ಮಾಡಬಹುದಾದ ಕೆಲಸ ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವ ಹಾಗಿರಲಿ. ಬೋರ್ಡಿನ ಮೇಲೆ ಆ ಸಂಖ್ಯೆ ಬರೆಯುವುದು ಕಡ್ಡಾಯವಾಗಲಿ.

ರಾಜ್ಯ ಪರಿಷತ್ತುಗಳನ್ನು ಬೇಗ ರಚಿಸಿ ಅಂತ ಸುಪ್ರೀಂ ಕೋರ್ಟು 2024ರ ಆಗಸ್ಟ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು. 2025ರಲ್ಲಿ ಆಯೋಗ ಫಿಸಿಯೋಥೆರಪಿ, ಆಪ್ಟೊಮೆಟ್ರಿ, ಡಯಾಲಿಸಿಸ್‌ನಂಥ ವೃತ್ತಿಗಳಿಗೆ ಹೊಸ ಪಠ್ಯಕ್ರಮ ತಂದಿತು. ಕೆಲಸ ನಡೆಯುತ್ತಿದೆ ಅಂತ ಗೊತ್ತು, ಅದಕ್ಕೇ ಈಗ ಬರೆಯುತ್ತಿದ್ದೇನೆ. ಪೋಡಿಯಾಟ್ರಿಯ ಕರಡು ನಿಯಮ ಸಿದ್ಧವಾದಾಗ ದಯವಿಟ್ಟು ಅದನ್ನು ಕನ್ನಡದಲ್ಲೂ ಪ್ರಕಟಿಸಿ, ಅಭಿಪ್ರಾಯ ಹೇಳಲು ಸಾಕಷ್ಟು ಸಮಯ ಕೊಡಿ. ಸರ್ಜನ್‌ಗಳ ಜೊತೆಗೆ ಡ್ರೆಸಿಂಗ್ ರೂಮಿನ ನರ್ಸ್‌ಗಳನ್ನು, ಎಂಸಿಆರ್ ಚಪ್ಪಲಿ ಮಾಡುವವರನ್ನು, ಕಾಲು ಕಳೆದುಕೊಂಡ ಒಬ್ಬಿಬ್ಬರನ್ನು ಸಮಿತಿಗೆ ಕರೆಯಿರಿ. ಕರೆದರೆ ನಾನೂ ಬರುತ್ತೇನೆ. ಕೈ ಪರೀಕ್ಷೆಯ ಚೆಕ್‌ಲಿಸ್ಟ್ ಬರೆಯಲು ನನ್ನಿಂದಾಗುವ ಸಹಾಯವನ್ನೆಲ್ಲ ಮಾಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ನರ್ಸ್